ಸಿಖ್ಖರ ಸೇವೆ: ಅಡುಗೆಮನೆಯಿಂದ ಆಚೆಗೆ

2024ರ ಡಿಸೆಂಬರ್ ಮೊದಲ ವಾರದಲ್ಲಿ ಅಮೃತಸರದ ಸ್ವರ್ಣಮಂದಿರದ ಬಾಗಿಲಲ್ಲಿ ಕಂಡ ನೋಟ ನಮ್ಮ ರಾಜಕಾರಣದಲ್ಲಿ ಅಪರೂಪದ್ದು. ಪಂಜಾಬಿನ ಮಾಜಿ ಉಪಮುಖ್ಯಮಂತ್ರಿ, ಶಿರೋಮಣಿ ಅಕಾಲಿ ದಳದ ನಾಯಕ ಸುಖ್‌ಬೀರ್ ಸಿಂಗ್ ಬಾದಲ್ ಅವರು ಕಾಲಿಗೆ ಪೆಟ್ಟಾಗಿದ್ದರಿಂದ ಗಾಲಿಕುರ್ಚಿಯಲ್ಲಿ ಕುಳಿತು, ಸೇವಾದಾರರ ನೀಲಿ ಉಡುಪು ತೊಟ್ಟು, ಕೈಯಲ್ಲಿ ಈಟಿ ಹಿಡಿದು, ಕೊರಳಿಗೆ ಫಲಕ ಕಟ್ಟಿಕೊಂಡು ಕಾವಲು ಕಾಯುತ್ತಿದ್ದರು. ಅವರ ಪಕ್ಷ 2007ರಿಂದ 2017ರವರೆಗೆ ಅಧಿಕಾರದಲ್ಲಿದ್ದಾಗ ಎಸಗಿದ ತಪ್ಪುಗಳಿಗಾಗಿ ಅಕಾಲ್ ತಖ್ತ್ ವಿಧಿಸಿದ ಪ್ರಾಯಶ್ಚಿತ್ತ ಅದು. ಕಾವಲಿನ ಜೊತೆಗೆ ಲಂಗರ್‌ನ ಎಂಜಲು ತಟ್ಟೆ ತೊಳೆಯುವ ಕೆಲಸವೂ ಇತ್ತು. ಅದೇ ಸರ್ಕಾರದಲ್ಲಿ ಮಂತ್ರಿಗಳಾಗಿದ್ದ ಕೆಲವರ ಪಾಲಿಗೆ ಶೌಚಾಲಯ ಶುಚಿಗೊಳಿಸುವ ಹೊಣೆ ಬಂತು. ಎರಡನೆಯ ದಿನ ವ್ಯಕ್ತಿಯೊಬ್ಬ ಬಾದಲ್ ಅವರತ್ತ ಗುಂಡು ಹಾರಿಸಿದ. ಅವರು ಅಪಾಯದಿಂದ ಪಾರಾದರು. ಪತ್ರಿಕೆಗಳು ಗುಂಡಿನ ಸುದ್ದಿಗೆ ಹೆಚ್ಚು ಜಾಗ ಕೊಟ್ಟದ್ದು ಸಹಜವೇ. ಆದರೆ ಆ ಘಟನೆಯಲ್ಲಿ ಯೋಚಿಸಬೇಕಾದ ವಿಷಯ ಬೇರೆಯೇ ಇತ್ತು.

ಯಾವ ತಟ್ಟೆ ತೊಳೆಯುವ ಕೆಲಸವನ್ನು ಬಾದಲ್ ಅವರಿಗೆ ಶಿಕ್ಷೆಯಾಗಿ ವಿಧಿಸಲಾಯಿತೋ ಅದೇ ಕೆಲಸಕ್ಕಾಗಿ ಅದೇ ಹೊತ್ತಿನಲ್ಲಿ, ಅದೇ ಆವರಣದಲ್ಲಿ ನೂರಾರು ಮಂದಿ ತಾವಾಗಿಯೇ ಬಂದು ನಿಂತಿದ್ದರು. ಅವರಲ್ಲಿ ವೈದ್ಯರಿದ್ದರು, ರೈತರಿದ್ದರು, ಕೆನಡಾದಿಂದ ರಜೆಗೆ ಬಂದವರೂ ಇದ್ದಿರಬೇಕು. ಒಂದೇ ಕೆಲಸ ಒಬ್ಬನಿಗೆ ದಂಡನೆಯೂ ಇನ್ನೊಬ್ಬನಿಗೆ ಭಾಗ್ಯವೂ ಆಗುವುದು ಹೇಗೆ? ಸಿಖ್ ಚಿಂತನೆಯಲ್ಲಿ ಇದಕ್ಕೆ ನೇರ ಉತ್ತರವಿದೆ. ಮನುಷ್ಯನ ಮೂಲ ರೋಗ 'ಹೌಮೈ', ಅಂದರೆ 'ನಾನು' ಎಂಬ ಅಹಂಕಾರ. ಸೇವೆ ಅದಕ್ಕೆ ಔಷಧ. ರೋಗ ಉಲ್ಬಣಿಸಿದವನಿಗೆ ಅದನ್ನು ಬಲವಂತವಾಗಿ ಕುಡಿಸಬೇಕಾಗುತ್ತದೆ, ಉಳಿದವರು ದಿನನಿತ್ಯ ತಾವಾಗಿ ಸೇವಿಸುತ್ತಾರೆ. (ನಮ್ಮ ಸರ್ಕಾರಿ ವ್ಯವಸ್ಥೆಯಲ್ಲಿ ತಪ್ಪಿತಸ್ಥ ಅಧಿಕಾರಿಯನ್ನು ದೂರದ ತಾಲ್ಲೂಕಿಗೆ ವರ್ಗ ಮಾಡುತ್ತೇವೆ. ಅದು ಅಲ್ಲಿನ ಜನರಿಗೆ ಕೊಟ್ಟ ಶಿಕ್ಷೆ ಎಂಬುದು ಯಾರಿಗೂ ಹೊಳೆಯುವುದಿಲ್ಲ.)

ಸೇವೆ ಎಂದೊಡನೆ ಲಂಗರ್ ನೆನಪಾಗುವಷ್ಟು ಅವೆರಡೂ ಬೆಸೆದುಕೊಂಡಿವೆ. ಬಾಲ್ಯದಲ್ಲಿ ವ್ಯಾಪಾರಕ್ಕೆಂದು ತಂದೆ ಕೊಟ್ಟ ಇಪ್ಪತ್ತು ರೂಪಾಯಿಯಲ್ಲಿ ಹಸಿದ ಸಾಧುಗಳಿಗೆ ಊಟ ಹಾಕಿ, ಇದೇ 'ಸಚ್ಚಾ ಸೌದಾ', ನಿಜವಾದ ವ್ಯಾಪಾರ ಎಂದ ನಾನಕರ ಕಥೆ ಪ್ರಸಿದ್ಧ. ಅದಕ್ಕಿಂತ ಹೆಚ್ಚು ಅರ್ಥಪೂರ್ಣವಾದದ್ದು ಅವರ ಬದುಕಿನ ಕೊನೆಯ ಘಟ್ಟ. ದೇಶ ಸುತ್ತಿ ಬಂದ ಗುರು ನಾನಕರು (1469–1539) ರಾವಿ ನದಿಯ ದಂಡೆಯ ಕರ್ತಾರ್‌ಪುರದಲ್ಲಿ ನೆಲೆನಿಂತು ಬೇಸಾಯಗಾರರಾದರು. ಹೊಲದಲ್ಲಿ ಬೆಳೆದದ್ದನ್ನು ಬಂದವರೊಡನೆ ಹಂಚಿಕೊಂಡು ಉಂಡರು. ದುಡಿದು ಗಳಿಸು, ನಾಮವನ್ನು ಸ್ಮರಿಸು, ಹಂಚಿಕೊಂಡು ಉಣ್ಣು ಎಂಬ ಮೂರು ಸೂತ್ರಗಳಲ್ಲಿ ದುಡಿಮೆಗೂ ಒಂದು ಸ್ಥಾನವಿದೆ. ಹಂಚಬೇಕಾದರೆ ಮೊದಲು ಪ್ರಾಮಾಣಿಕವಾಗಿ ಗಳಿಸಿರಬೇಕು.

ಕನ್ನಡ ಓದುಗರಿಗೆ ಈ ಅನುಕ್ರಮ ಹೊಸದಲ್ಲ. ಕಾಯಕ ಮೊದಲು, ದಾಸೋಹ ನಂತರ ಎಂದು ಹನ್ನೆರಡನೆಯ ಶತಮಾನದ ಕಲ್ಯಾಣ ಹೇಳಿತ್ತು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಅದನ್ನು ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕಟ್ಟಿದ ಪ್ರಸಂಗ ನಮಗೆಲ್ಲ ಗೊತ್ತು. ಶರಣರಿಗೂ ಸಿಖ್ ಗುರುಗಳಿಗೂ ನೇರ ಸಂಬಂಧವಿತ್ತೆಂದು ಹೇಳಲು ಆಧಾರವಿಲ್ಲ, ಹೇಳುವ ಅಗತ್ಯವೂ ಇಲ್ಲ. ಎರಡು ಬೇರೆ ನೆಲಗಳಲ್ಲಿ, ಎರಡು ಬೇರೆ ಕಾಲಗಳಲ್ಲಿ, ದುಡಿಯುವ ಜನರ ನಡುವೆ ಹುಟ್ಟಿದ ಎರಡು ಧರ್ಮಗಳು ಒಂದೇ ತೀರ್ಮಾನಕ್ಕೆ ಬಂದವು ಎಂಬುದೇ ಸಾಕಷ್ಟು ದೊಡ್ಡ ಸಂಗತಿ.

ನಾನಕರ ಬಳಿಕ ಲಂಗರ್ ಒಂದು ವ್ಯವಸ್ಥೆಯಾಯಿತು. ಎರಡನೆಯ ಗುರು ಅಂಗದರ ಪತ್ನಿ ಮಾತಾ ಖೀವಿ ಅದನ್ನು ನಡೆಸಿದವರು. ಗುರು ಗ್ರಂಥ ಸಾಹಿಬ್‌ನಲ್ಲಿ ಅವರ ಹೆಸರು ಬರುವುದು ಲಂಗರ್‌ನ ಸಂದರ್ಭದಲ್ಲಿಯೇ. ಮೂರನೆಯ ಗುರು ಅಮರದಾಸರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಮ್ಮನ್ನು ಕಾಣಬಯಸುವವರು ಮೊದಲು ಪಂಗತ್‌ನಲ್ಲಿ, ಅಂದರೆ ಪಂಕ್ತಿಯಲ್ಲಿ ಎಲ್ಲರೊಡನೆ ನೆಲದ ಮೇಲೆ ಕುಳಿತು ಉಣ್ಣಬೇಕೆಂದು ಗೊತ್ತುಮಾಡಿದರು. ಅಕ್ಬರ್ ಬಾದಶಹನೂ ಹಾಗೆ ಕುಳಿತನೆಂದು ಸಿಖ್ ಪರಂಪರೆ ಹೇಳುತ್ತದೆ. ಯಾರೊಡನೆ ಕುಳಿತು ಉಣ್ಣುತ್ತೇನೆ ಎಂಬುದರಿಂದಲೇ ಜಾತಿಯನ್ನು ಕಾಪಾಡಿಕೊಂಡು ಬಂದ ಸಮಾಜದಲ್ಲಿ ಈ ಒಂದು ನಿಯಮ ಎಷ್ಟು ದೊಡ್ಡ ಆಘಾತವಾಗಿದ್ದಿರಬೇಕೆಂದು ಊಹಿಸಬಹುದು. ಲಂಗರ್‌ನ ಉದ್ದೇಶ ಹಸಿವು ನೀಗಿಸುವುದು ಮಾತ್ರವಾಗಿದ್ದರೆ ಅನ್ನವನ್ನು ಮನೆಮನೆಗೆ ಕಳುಹಿಸಬಹುದಿತ್ತು. ಪಕ್ಕಪಕ್ಕದಲ್ಲಿ ಕೂರಿಸುವುದೇ ಅದರ ಅರ್ಧ ಉದ್ದೇಶವಾಗಿತ್ತು.

ಅರ್ಥಶಾಸ್ತ್ರದ ದೃಷ್ಟಿಯಿಂದಲೂ ಲಂಗರ್ ಕುತೂಹಲಕಾರಿ. ಬಡವರಿಗೆ ನೆರವು ನೀಡುವ ಯಾವುದೇ ಸರ್ಕಾರ ಎದುರಿಸುವ ಮೊದಲ ಸಮಸ್ಯೆ, ಬಡವ ಯಾರು ಎಂಬುದು. ಸಮೀಕ್ಷೆ, ಆದಾಯ ಪ್ರಮಾಣಪತ್ರ, ಪಡಿತರ ಚೀಟಿ, ಬೆರಳಚ್ಚು ಎಲ್ಲವೂ ಈ ಪ್ರಶ್ನೆಯ ಸುತ್ತ ಬೆಳೆದ ಯಂತ್ರಗಳು. ಇಷ್ಟೆಲ್ಲ ಮಾಡಿದ ಮೇಲೂ ಅರ್ಹರು ಹೊರಗುಳಿಯುತ್ತಾರೆ, ಅನರ್ಹರು ಒಳನುಸುಳುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ನೆರವು ಪಡೆಯುವವನ ಹಣೆಯ ಮೇಲೆ 'ಫಲಾನುಭವಿ' ಎಂಬ ಮುದ್ರೆ ಬೀಳುತ್ತದೆ. ಲಂಗರ್ ಈ ಪ್ರಶ್ನೆಯನ್ನೇ ಕೇಳುವುದಿಲ್ಲ. ಸ್ವರ್ಣಮಂದಿರದ ಗುರು ರಾಮದಾಸ್ ಲಂಗರ್‌ನಲ್ಲಿ ಸಾಮಾನ್ಯ ದಿನಗಳಲ್ಲಿ ಐವತ್ತು ಸಾವಿರದಿಂದ ಒಂದು ಲಕ್ಷ ಜನ ಉಣ್ಣುತ್ತಾರೆಂಬ ಅಂದಾಜಿದೆ. ಅವರಲ್ಲಿ ಯಾರು ಹಸಿದು ಬಂದವರು, ಯಾರು ಪ್ರವಾಸಿಗರು, ಯಾರು ನಿನ್ನೆ ಲಕ್ಷ ರೂಪಾಯಿ ಕಾಣಿಕೆ ಕೊಟ್ಟವರು ಎಂಬುದನ್ನು ಯಾರೂ ವಿಚಾರಿಸುವುದಿಲ್ಲ. ಉಳ್ಳವನೂ ಅದೇ ಸಾಲಿನಲ್ಲಿ ಕುಳಿತು ಅದೇ ರೊಟ್ಟಿಗೆ ಎರಡೂ ಕೈ ಒಡ್ಡುವುದರಿಂದ ಕೈ ಒಡ್ಡುವುದಕ್ಕೆ ಅಂಟಿಕೊಂಡ ನಾಚಿಕೆ ಕಳಚಿಹೋಗುತ್ತದೆ. ದಂಡಿಯಾಗಿ ಹಣವಿದ್ದರೂ ಇಂಥ ಏರ್ಪಾಡನ್ನು ಸರ್ಕಾರಿ ಆದೇಶದ ಮೂಲಕ ಕಟ್ಟಲು ಸಾಧ್ಯವೇ ಎಂಬ ಸಂಶಯ ನನ್ನದು.

2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಲಂಗರ್‌ಗೆ ಕೊಳ್ಳುವ ತುಪ್ಪ, ಸಕ್ಕರೆಗಳ ಮೇಲೂ ತೆರಿಗೆ ಬಿತ್ತು. ಪ್ರತಿಭಟನೆಯ ಬಳಿಕ ಕೇಂದ್ರ ಸರ್ಕಾರ 2018ರ ಆಗಸ್ಟ್‌ನಿಂದ 'ಸೇವಾ ಭೋಜ್' ಎಂಬ ಯೋಜನೆ ತಂದು ತನ್ನ ಪಾಲಿನ ತೆರಿಗೆಯನ್ನು ಮರಳಿಸಲು ಒಪ್ಪಿತು. ಅದಕ್ಕೊಂದು ಷರತ್ತು: ಸಂಸ್ಥೆ ತಿಂಗಳಿಗೆ ಕನಿಷ್ಠ 5,000 ಜನರಿಗೆ ಉಚಿತ ಊಟ ಹಾಕಿರಬೇಕು. ತಲೆ ಎಣಿಸಬಾರದೆಂಬ ತತ್ವದ ಮೇಲೆ ನಿಂತ ಅಡುಗೆಮನೆಗೆ ತಲೆ ಎಣಿಸಿ ಕೊಡಿ ಎಂದು ಕೇಳಿದಂತಾಯಿತು. ಸರ್ಕಾರವನ್ನು ದೂರಬೇಕಿಲ್ಲ, ಅದರ ಭಾಷೆಯೇ ಅದು.

ಆದರೆ ಸೇವೆಯ ಹೆಸರಿನಲ್ಲಿ ಹಣ ಸೇರಿದಲ್ಲೆಲ್ಲ ಹುಟ್ಟುವ ವ್ಯಾಧಿ ಸಿಖ್ಖರನ್ನೂ ಬಿಟ್ಟಿಲ್ಲ. ಆದಾಯದ ಹತ್ತನೆಯ ಒಂದು ಭಾಗವನ್ನು ಕೊಡುವ 'ದಸ್ವಂಧ್' ಪದ್ಧತಿ ಬೆಳೆದಾಗ ಅದನ್ನು ಸಂಗ್ರಹಿಸಲು 'ಮಸಂದ್' ಎಂಬ ಪ್ರತಿನಿಧಿಗಳ ವರ್ಗ ಹುಟ್ಟಿಕೊಂಡಿತು. ಕ್ರಮೇಣ ಈ ಮಸಂದರು ತಾವೇ ಚಿಕ್ಕಪುಟ್ಟ ಗುರುಗಳಾಗಿ, ಕಾಣಿಕೆಯನ್ನು ನುಂಗಿ, ಬಡ ಭಕ್ತರನ್ನು ಕಾಡತೊಡಗಿದರು. ಹತ್ತನೆಯ ಗುರು ಗೋವಿಂದ ಸಿಂಗರು ಇಡೀ ವ್ಯವಸ್ಥೆಯನ್ನೇ ರದ್ದುಮಾಡಿದರು. ಸುಧಾರಣಾ ಸಮಿತಿಯನ್ನು ನೇಮಿಸಲಿಲ್ಲ ಎಂಬುದು ಗಮನಿಸತಕ್ಕದ್ದು.

ಎರಡನೆಯ ಸಲ ಅದೇ ರೋಗ ಕಾಣಿಸಿಕೊಂಡದ್ದು ಬ್ರಿಟಿಷರ ಕಾಲದಲ್ಲಿ. ಗುರುದ್ವಾರಗಳು ವಂಶಪಾರಂಪರ್ಯ ಮಹಂತರ ಕೈಸೇರಿ, ಅವುಗಳ ಭೂಮಿ ಖಾಸಗಿ ಆಸ್ತಿಯಂತಾಗಿತ್ತು. 1920ರ ಅಕ್ಟೋಬರ್ 12ರಂದು 'ಕೆಳಜಾತಿ' ಎನಿಸಿಕೊಂಡಿದ್ದ ಹೊಸ ಸಿಖ್ಖರ ತಂಡವೊಂದು ಕಡಾ ಪ್ರಸಾದ ಹೊತ್ತು ಸ್ವರ್ಣಮಂದಿರಕ್ಕೆ ಬಂದಾಗ ಅರ್ಚಕರು ಅದನ್ನು ಸ್ವೀಕರಿಸಲು ನಿರಾಕರಿಸಿದರು. ವಾಗ್ವಾದದ ಬಳಿಕ ಗುರು ಗ್ರಂಥ ಸಾಹಿಬ್ ತೆರೆದು ನೋಡಲಾಯಿತು. ಬಂದ ವಚನ ಆ ಬಡವರ ಪರವಾಗಿತ್ತು, ಪ್ರಸಾದ ಸ್ವೀಕಾರವಾಯಿತು. ಅಕಾಲ್ ತಖ್ತ್‌ನ ಅರ್ಚಕರು ಜಾಗ ಬಿಟ್ಟು ಹೊರಟುಹೋದರು. ಮರುತಿಂಗಳ 15ರಂದು ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ ಅಸ್ತಿತ್ವಕ್ಕೆ ಬಂತು. 1922ರ 'ಗುರು ಕಾ ಬಾಗ್' ಸತ್ಯಾಗ್ರಹ ಶುರುವಾದದ್ದು ಲಂಗರ್‌ನ ಒಲೆಗೆ ಸೌದೆ ಕಡಿಯುವ ಹಕ್ಕಿನ ಪ್ರಶ್ನೆಯ ಮೇಲೆ. ಅಲ್ಲಿ ಪೊಲೀಸರ ಲಾಠಿಗೆ ಕೈ ಎತ್ತದೆ ಮೈಯೊಡ್ಡಿದ ಅಕಾಲಿಗಳನ್ನು ಕಣ್ಣಾರೆ ಕಂಡವರಲ್ಲಿ ಗಾಂಧೀಜಿಯ ಮಿತ್ರ ಸಿ.ಎಫ್. ಆಂಡ್ರೂಸ್ ಒಬ್ಬರು. 1925ರ ಗುರುದ್ವಾರ ಕಾಯಿದೆ ಈ ಹೋರಾಟದ ಫಲ. ಮಹಿಳೆಯರಿಗೂ ಮತದಾನದ ಹಕ್ಕು ಕೊಟ್ಟ, ಧಾರ್ಮಿಕ ಸಂಸ್ಥೆಯೊಂದರ ಆಡಳಿತವನ್ನು ಚುನಾವಣೆಗೆ ಒಪ್ಪಿಸಿದ ಕಾಯಿದೆ ಅದು. ಇಂದು ಲಂಗರ್ ನಡೆಸುತ್ತಿರುವ ಸಂಸ್ಥೆ ಹುಟ್ಟಿದ್ದು ದಲಿತನೊಬ್ಬನ ಕೈಯ ಪ್ರಸಾದ ಸಲ್ಲುತ್ತದೆಯೇ ಎಂಬ ಪ್ರಶ್ನೆಯಿಂದ ಎಂಬುದನ್ನು ಮುಂದಿನ ಚರ್ಚೆಗಾಗಿ ನೆನಪಿನಲ್ಲಿಡಬೇಕು.

ಸೇವೆಯ ಅರ್ಥ ಅಡುಗೆಮನೆಗೆ ಸೀಮಿತವಾಗಿರಲಿಲ್ಲ ಎಂಬುದಕ್ಕೆ ಸಿಖ್ಖರೆಲ್ಲ ನೆನೆಯುವ ಹೆಸರು ಭಾಯಿ ಕನ್ಹಯ್ಯಾ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಆನಂದಪುರದ ಕಾಳಗದಲ್ಲಿ ಗಾಯಗೊಂಡು ಬಿದ್ದ ಶತ್ರು ಸೈನಿಕರಿಗೂ ಆತ ನೀರು ಕುಡಿಸುತ್ತಿದ್ದ. ದೂರು ಗುರುಗಳವರೆಗೆ ಹೋಯಿತು. ಗುರು ಗೋವಿಂದ ಸಿಂಗರು ಆತನ ಕೈಗೆ ಮುಲಾಮನ್ನೂ ಕೊಟ್ಟು, ನೀರಿನ ಜೊತೆ ಇದನ್ನೂ ಹಚ್ಚು ಎಂದರಂತೆ. ಜಿನೀವಾದಲ್ಲಿ ರೆಡ್ ಕ್ರಾಸ್ ಹುಟ್ಟುವುದಕ್ಕೆ ಒಂದೂವರೆ ಶತಮಾನಕ್ಕೂ ಹಿಂದಿನ ಮಾತಿದು.

ನಮ್ಮ ಕಾಲಕ್ಕೆ ಹತ್ತಿರದ ಉದಾಹರಣೆ ಭಗತ್ ಪೂರಣ್ ಸಿಂಗ್ (1904–1992). ಅವರ ಬದುಕನ್ನು ಕುರಿತು ಕನ್ನಡದಲ್ಲಿ ಇನ್ನೂ ಹೆಚ್ಚು ಬರೆಯಬೇಕಿತ್ತು. ಹಿಂದೂ ಕುಟುಂಬದಲ್ಲಿ ಹುಟ್ಟಿ ಸಿಖ್ಖರಾದ ಅವರು ಲಾಹೋರಿನ ಡೇರಾ ಸಾಹಿಬ್ ಗುರುದ್ವಾರದಲ್ಲಿ ಸೇವೆ ಮಾಡಿಕೊಂಡಿದ್ದವರು. 1934ರಲ್ಲಿ ಯಾರೋ ಅಲ್ಲಿನ ಬಾಗಿಲಲ್ಲಿ ನಡೆಯಲಾಗದ, ಮಾತು ಬಾರದ ಮಗುವೊಂದನ್ನು ಬಿಟ್ಟುಹೋದರು. ಪೂರಣ್ ಸಿಂಗ್ ಅದಕ್ಕೆ ಪ್ಯಾರಾ ಎಂದು ಹೆಸರಿಟ್ಟು, ತಮ್ಮ ಬೆನ್ನ ಮೇಲೆ ಹೊತ್ತು ವರ್ಷಗಟ್ಟಲೆ ತಿರುಗಿದರು. 1947ರಲ್ಲಿ ನಿರಾಶ್ರಿತರಾಗಿ ಅಮೃತಸರಕ್ಕೆ ಬಂದಾಗ ಆ ಹುಡುಗ ಅವರ ಜೊತೆಗಿದ್ದ. ಅಲ್ಲಿಂದ ಮುಂದೆ ಬೀದಿಯಲ್ಲಿ ಬಿದ್ದ ರೋಗಿಗಳು, ಬುದ್ಧಿಭ್ರಮಣೆಯವರು, ಕುಟುಂಬ ಕೈಬಿಟ್ಟ ಮುದುಕರು ಒಬ್ಬೊಬ್ಬರಾಗಿ ಸೇರಿ 'ಪಿಂಗಲ್‌ವಾಡಾ' ಎಂಬ ಆಶ್ರಯಧಾಮ ಬೆಳೆಯಿತು. ಅವರ ಸೇವೆಗೆ ಇನ್ನೊಂದು ಮುಖವಿತ್ತು. ದಾರಿಯಲ್ಲಿ ಬಿದ್ದ ಮೊಳೆ, ಕಲ್ಲುಗಳನ್ನು ಹೆಕ್ಕುವುದು ಅವರ ಅಭ್ಯಾಸ. ಮಣ್ಣಿನ ಸವಕಳಿ, ಕಾಡಿನ ನಾಶ, ಮಾಲಿನ್ಯಗಳ ಬಗ್ಗೆ ರದ್ದಿ ಕಾಗದದ ಮೇಲೆ ಕಿರುಹೊತ್ತಗೆಗಳನ್ನು ಅಚ್ಚುಹಾಕಿಸಿ ಸ್ವರ್ಣಮಂದಿರದ ಬಾಗಿಲಲ್ಲಿ ಹಂಚುತ್ತಿದ್ದರು. ಹಸಿರು ಕ್ರಾಂತಿಯ ಅಬ್ಬರದಲ್ಲಿ ಪಂಜಾಬ್ ಮೈಮರೆತಿದ್ದ ದಿನಗಳವು. ಅವರ ಮಾತಿಗೆ ಕಿವಿಗೊಟ್ಟವರು ಕಡಿಮೆ. 1979ರಲ್ಲಿ ಬಂದ ಪದ್ಮಶ್ರೀಯನ್ನು 1984ರ ಸೇನಾ ಕಾರ್ಯಾಚರಣೆಯ ಬಳಿಕ ಅವರು ಹಿಂದಿರುಗಿಸಿದರು.

ಅದೇ 1984ರ ನವೆಂಬರಿನಲ್ಲಿ, ಅಧಿಕೃತ ಲೆಕ್ಕದಂತೆಯೇ, ದೆಹಲಿಯೊಂದರಲ್ಲಿ 2,733 ಸಿಖ್ಖರ ಹತ್ಯೆಯಾಯಿತು. ನ್ಯಾಯ ಎಷ್ಟು ನಿಧಾನವಾಗಿ ಬಂತು, ಎಷ್ಟು ಕಡಿಮೆ ಬಂತು ಎಂಬುದು ಬೇರೊಂದು ಲೇಖನದ ವಿಷಯ. 2021ರ ಮಾರ್ಚ್‌ನಲ್ಲಿ ಅದೇ ದೆಹಲಿಯ ಬಾಲಾ ಸಾಹಿಬ್ ಗುರುದ್ವಾರದಲ್ಲಿ ನೂರು ಹಾಸಿಗೆಗಳ ಉಚಿತ ಡಯಾಲಿಸಿಸ್ ಆಸ್ಪತ್ರೆ ಆರಂಭವಾಯಿತು. ಮುಂದಿನ ತಿಂಗಳು ಕೊರೋನಾದ ಎರಡನೆಯ ಅಲೆ ಎದ್ದು ಆಮ್ಲಜನಕಕ್ಕಾಗಿ ರಾಜಧಾನಿಯೇ ಏದುಸಿರು ಬಿಟ್ಟಾಗ, ಗಾಜಿಯಾಬಾದಿನ ಇಂದಿರಾಪುರಂ ಗುರುದ್ವಾರದ ಮುಂದೆ ಕಾರುಗಳಲ್ಲಿ, ಆಟೋಗಳಲ್ಲಿ ಬಂದ ರೋಗಿಗಳಿಗೆ ಅಲ್ಲಿಯೇ ಸಿಲಿಂಡರ್ ಜೋಡಿಸುವ 'ಆಕ್ಸಿಜನ್ ಲಂಗರ್' ನಡೆಯಿತು. ರಕಾಬ್‌ಗಂಜ್ ಗುರುದ್ವಾರದ ಆವರಣದಲ್ಲಿ 400 ಹಾಸಿಗೆಗಳ ಆರೈಕೆ ಕೇಂದ್ರ ಎದ್ದಿತು. ಅದಕ್ಕೂ ಮುಂಚೆ, 2020ರ ನವೆಂಬರಿನಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಸಿಂಘು, ಟಿಕ್ರಿ ಗಡಿಗಳಲ್ಲಿ ರೈತರು ಧರಣಿ ಕುಳಿತಾಗ ಅವರನ್ನು ತಡೆಯಲು ನಿಂತ ಪೊಲೀಸರಿಗೂ ಲಂಗರ್ ಊಟ ಬಡಿಸಿತ್ತು. 2011ರ ಜನಗಣತಿಯಂತೆ ದೇಶದ ಜನಸಂಖ್ಯೆಯ ಶೇ 1.7ರಷ್ಟಿರುವ ಒಂದು ಸಮುದಾಯ ಇಷ್ಟನ್ನು ಮಾಡುತ್ತದೆಂದರೆ ಅದರ ಹಿಂದೆ ಐದು ಶತಮಾನಗಳ ಅಭ್ಯಾಸವಿದೆ. ಮಕ್ಕಳು ಚಿಕ್ಕಂದಿನಲ್ಲೇ ಈರುಳ್ಳಿ ಹೆಚ್ಚಲು, ನೀರು ಬಡಿಸಲು ಕಲಿತಿರುವುದರಿಂದ, ಆಪತ್ತು ಬಂದಾಗ ಯಾರೂ ಸುತ್ತೋಲೆಗೆ ಕಾಯುವುದಿಲ್ಲ.

ಹೀಗೆ ಹೊಗಳಿ ಲೇಖನ ಮುಗಿಸುವುದು ಸುಲಭ, ಮತ್ತು ಪಂಜಾಬಿನ ಹೊರಗಿನವರು ಸಾಮಾನ್ಯವಾಗಿ ಮಾಡುವುದೂ ಅದನ್ನೇ. ಆದರೆ ಇಂದು ಸೇವೆ ಅತ್ಯಗತ್ಯವಾಗಿರುವುದು ಪಂಜಾಬಿನ ಒಳಗೆ, ಅದರಲ್ಲೂ ಫೋಟೊ ತೆಗೆಯಲು ಬಾರದ ಜಾಗಗಳಲ್ಲಿ. ರಾಜ್ಯದ ಮೂರು ವಿಶ್ವವಿದ್ಯಾನಿಲಯಗಳು ನಡೆಸಿದ ಸಮೀಕ್ಷೆಯ ಪ್ರಕಾರ 2000ದಿಂದ 2015ರ ನಡುವೆ ಹದಿನಾರು ಸಾವಿರಕ್ಕೂ ಹೆಚ್ಚು ರೈತರು ಮತ್ತು ಕೃಷಿ ಕೂಲಿಗಳು ಆತ್ಮಹತ್ಯೆ ಮಾಡಿಕೊಂಡರು. ಅಂತರ್ಜಲವನ್ನು ವರ್ಷದಲ್ಲಿ ಮರುಪೂರಣವಾಗುವುದರ ಒಂದೂವರೆ ಪಟ್ಟಿಗೂ ಹೆಚ್ಚು ಎತ್ತಲಾಗುತ್ತಿದೆ. ಮಾದಕ ವಸ್ತುಗಳ ಹಾವಳಿಗೆ ಮಕ್ಕಳನ್ನು ಕಳೆದುಕೊಂಡ ತಾಯಂದಿರ ಹಳ್ಳಿಗಳಿವೆ. ಹಸಿದವನಿಗೆ ರೊಟ್ಟಿ ಕೊಡುವಷ್ಟು ಸುಲಭವಾಗಿ ಇವುಗಳಿಗೆ ಪರಿಹಾರ ಕೊಡಲಾಗದು ಎಂಬುದು ನಿಜ. ಆದರೂ ಪ್ರಯತ್ನವೇ ಆಗಿಲ್ಲವೆಂದಲ್ಲ.

ಸುಲ್ತಾನ್‌ಪುರ ಲೋಧಿಯ ಪಕ್ಕ ಹರಿಯುವ ಕಾಲೀ ಬೇಯಿ ಸುಮಾರು 160 ಕಿಲೋಮೀಟರ್ ಉದ್ದದ ಹೊಳೆ. ನಾನಕರಿಗೆ ಜ್ಞಾನೋದಯವಾದದ್ದು ಇದರ ನೀರಿಗಿಳಿದಾಗ ಎಂಬ ನಂಬಿಕೆಯಿದೆ. ಇಪ್ಪತ್ತನೆಯ ಶತಮಾನದ ಕೊನೆಗೆ ಅದು ಊರುಗಳ ಕೊಳಚೆ ತುಂಬಿದ, ಅಂತರಗಂಗೆ ಮುಚ್ಚಿದ ಚರಂಡಿಯಾಗಿತ್ತು. 2000ದಲ್ಲಿ ಸಂತ ಬಲಬೀರ್ ಸಿಂಗ್ ಸೀಚೇವಾಲ್ ಅವರು ಕೆಲವೇ ಜನರೊಡನೆ ನೀರಿಗಿಳಿದು ಕೈಯಿಂದ ಕಳೆ ಕೀಳಲು ಆರಂಭಿಸಿದರು. ಸಾವಿರಾರು ಜನ ಸೇರಿದರು. ಹೂಳು ಎತ್ತಿದರು, ದಂಡೆ ಕಟ್ಟಿದರು. ಹಳ್ಳಿಗಳ ಕೊಳಚೆಯನ್ನು ಹೊಂಡಗಳಲ್ಲಿ ತಿಳಿಗೊಳಿಸಿ ಹೊಲಗಳಿಗೆ ಹರಿಸುವ ಅಗ್ಗದ ವ್ಯವಸ್ಥೆಯನ್ನು ರೂಪಿಸಿದರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಬಂದು ಅದನ್ನು ನೋಡಿಹೋದರು. ಸೀಚೇವಾಲ್ ಮಾಡಿದ್ದು ಹೊಸದೇನಲ್ಲ. ಸ್ವರ್ಣಮಂದಿರದ ಸರೋವರದ ಹೂಳನ್ನು 1923, 1973 ಮತ್ತು 2004ರಲ್ಲಿ ಜನರೇ ಬುಟ್ಟಿಗಳಲ್ಲಿ ಹೊತ್ತು ತೆಗೆದ 'ಕಾರ್ ಸೇವಾ' ಪದ್ಧತಿಯನ್ನೇ ಅವರು ಗುರುದ್ವಾರದ ಗೋಡೆಯಿಂದ ಹೊರಗೆ ತಂದರು, ಅಷ್ಟೆ.

ಇದಕ್ಕೆ ವಿರುದ್ಧವಾದ ಕಾರ್ ಸೇವಾ ಕೂಡ ಇದೆ. ಹಳೆಯ ಗುರುದ್ವಾರಗಳ ಭಿತ್ತಿಚಿತ್ರ, ನಾನಕ್‌ಶಾಹಿ ಇಟ್ಟಿಗೆಯ ಗೋಡೆಗಳನ್ನು ಕೆಡವಿ ಅಮೃತಶಿಲೆ ಹೊದಿಸುವುದನ್ನೇ ಸೇವೆ ಎಂದುಕೊಂಡವರಿದ್ದಾರೆ. 2019ರ ಮಾರ್ಚ್‌ನಲ್ಲಿ ತರಣ್ ತಾರಣ್ ಗುರುದ್ವಾರದ ಐತಿಹಾಸಿಕ ದರ್ಶನಿ ಡ್ಯೋಢಿಯನ್ನು, ಅಂದರೆ ಮಹಾದ್ವಾರವನ್ನು, ಇಂಥವರು ರಾತ್ರೋರಾತ್ರಿ ಕೆಡವಲು ಹೊರಟಾಗ ಸ್ಥಳೀಯ ಸಿಖ್ಖರೇ ಅಡ್ಡ ನಿಂತರು. ದಾನಿಗಳಿಗೆ ಅಮೃತಶಿಲೆ ಕಾಣುತ್ತದೆ, ಕೊಳಚೆ ಹೊಂಡ ಕಾಣುವುದಿಲ್ಲ.

ಸಂಸ್ಥೆಯ ಆರೋಗ್ಯವೂ ಚಿಂತೆಗೆ ಕಾರಣವಾಗಿದೆ. ಶಿರೋಮಣಿ ಸಮಿತಿಯ ವಾರ್ಷಿಕ ಆಯವ್ಯಯ ಸಾವಿರ ಕೋಟಿ ರೂಪಾಯಿಗಳನ್ನು ದಾಟಿದೆ. ಅದರ ಸಾಮಾನ್ಯ ಚುನಾವಣೆ 2011ರ ಸೆಪ್ಟೆಂಬರಿನಲ್ಲಿ ನಡೆದ ಬಳಿಕ ಹತ್ತು ವರ್ಷ ಕಳೆದರೂ ಮತ್ತೊಂದು ನಡೆಯಲಿಲ್ಲ. ಮೊಕದ್ದಮೆ, ಮತದಾರರ ಪಟ್ಟಿ, ಸರ್ಕಾರಗಳ ಅನುಕೂಲ ಹೀಗೆ ಕಾರಣಗಳು ಹಲವು. ಚುನಾಯಿತ ಅವಧಿ ಮುಗಿದ ಮೇಲೂ ಮುಂದುವರಿಯುವ ಸಮಿತಿಯ ಸ್ಥಿತಿ ಏನಾಗುತ್ತದೆಂಬುದು, ಆಡಳಿತಾಧಿಕಾರಿಗಳ ಕೈಯಲ್ಲಿ ವರ್ಷಗಟ್ಟಲೆ ಕೊಳೆತ ನಗರಸಭೆ, ಸಹಕಾರ ಸಂಘಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಬಾದಲ್ ಅವರ ಪ್ರಾಯಶ್ಚಿತ್ತದ ಮಿತಿಯೂ ಇಲ್ಲಿಯೇ ಇದೆ. ತಟ್ಟೆ ತೊಳೆದು ಒಬ್ಬ ವ್ಯಕ್ತಿ ತನ್ನ ಅಹಂಕಾರವನ್ನು ತೊಳೆದುಕೊಳ್ಳಬಹುದು. ಒಂದು ದಶಕದ ಆಡಳಿತದ ಲೆಕ್ಕ ತಪಾಸಣೆ ಅದರಿಂದ ಆಗುವುದಿಲ್ಲ.

ಮಹಿಳೆಯರ ಪ್ರಶ್ನೆಯೂ ಬಾಕಿಯಿದೆ. ಪರದಾ ಪದ್ಧತಿಯನ್ನು ಹದಿನಾರನೆಯ ಶತಮಾನದಲ್ಲೇ ವಿರೋಧಿಸಿದ ಗುರುಗಳ ಧರ್ಮವಿದು. 1999ರಲ್ಲಿ ಮಹಿಳೆಯೊಬ್ಬರು ಶಿರೋಮಣಿ ಸಮಿತಿಯ ಅಧ್ಯಕ್ಷರೂ ಆದರು. ಆದರೂ ಸ್ವರ್ಣಮಂದಿರದ ಗರ್ಭಗುಡಿಯಲ್ಲಿ ಕೀರ್ತನೆಯ ಸೇವೆಗೆ ಸ್ತ್ರೀಯರಿಗೆ ಅವಕಾಶ ಕೊಡಿ ಎಂದು 2019ರ ನವೆಂಬರಿನಲ್ಲಿ ಪಂಜಾಬ್ ವಿಧಾನಸಭೆ ನಿರ್ಣಯ ಮಾಡಿ ಕೋರಬೇಕಾಯಿತು.

ಇವೆಲ್ಲಕ್ಕಿಂತ ಆಳವಾದದ್ದು ಜಾತಿ. ಇಲ್ಲಿ ನಮ್ಮ ಬೀದರಿನ ಮಾತು ಬರಲೇಬೇಕು. ಬರಗಾಲದ ಆ ಊರಿಗೆ ನಾನಕರು ಬಂದು ಸಿಹಿನೀರಿನ ಬುಗ್ಗೆ ಚಿಮ್ಮಿಸಿದರೆಂಬ ನಂಬಿಕೆಯ ಮೇಲೆ ನಿಂತಿರುವ ನಾನಕ್ ಝರಾ ಗುರುದ್ವಾರ ಕನ್ನಡಿಗರಿಗೆ ಪರಿಚಿತ. ಅಲ್ಲಿನ ಲಂಗರ್‌ನಲ್ಲಿ ಉಣ್ಣುವವರಲ್ಲಿ ಸುತ್ತಲ ಊರುಗಳ ಹಿಂದೂ, ಮುಸ್ಲಿಂ, ಲಿಂಗಾಯತರೂ ಸೇರಿರುತ್ತಾರೆ. ಆದರೆ ಬೀದರಿಗೆ ಸಿಖ್ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ಸ್ಥಾನವಿದೆ. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ಖಾಲ್ಸಾ ಸ್ಥಾಪಿಸಿದಾಗ ತಲೆ ಕೊಡಲು ಮುಂದೆ ಬಂದ 'ಪಂಚ ಪ್ಯಾರೇ'ಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು, ಕ್ಷೌರಿಕ ವೃತ್ತಿಯವರು. ಉಳಿದ ನಾಲ್ವರಲ್ಲಿ ಒಬ್ಬರು ಖತ್ರಿ, ಒಬ್ಬರು ಜಾಟ, ಒಬ್ಬರು ನೀರು ಹೊರುವವರು, ಇನ್ನೊಬ್ಬರು ಬಟ್ಟೆಗೆ ಅಚ್ಚುಹಾಕುವವರು. ಐವರಿಗೂ ಒಂದೇ ಬಟ್ಟಲಿನಿಂದ ಅಮೃತ ಕುಡಿಸಿ, ಬಳಿಕ ಗುರುಗಳು ತಾವೇ ಅವರ ಮುಂದೆ ಕೈಮುಗಿದು ಅದೇ ಅಮೃತವನ್ನು ಬೇಡಿ ಪಡೆದರು.

ಮೂರು ಶತಮಾನಗಳ ಬಳಿಕ ಪಂಜಾಬಿನ ಅನೇಕ ಹಳ್ಳಿಗಳಲ್ಲಿ ಜಾಟರ ಗುರುದ್ವಾರ ಬೇರೆ, ದಲಿತರ ಗುರುದ್ವಾರ ಬೇರೆ, ಸ್ಮಶಾನವೂ ಬೇರೆ. ಎರಡೂ ಗುರುದ್ವಾರಗಳಲ್ಲಿ ಲಂಗರ್ ನಡೆಯುತ್ತದೆ, ಎರಡರಲ್ಲೂ ಪಂಗತ್ ಇದೆ, ಆದರೆ ಪಂಗತ್‌ನಲ್ಲಿ ಪಕ್ಕ ಕೂರಬೇಕಾದವನು ಬೀದಿಯಾಚೆಯ ಇನ್ನೊಂದು ಪಂಗತ್‌ನಲ್ಲಿ ಕುಳಿತಿರುತ್ತಾನೆ. 2011ರ ಜನಗಣತಿಯ ಪ್ರಕಾರ ಪಂಜಾಬಿನ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಗಳ ಪಾಲು ಶೇ 31.9, ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಕೃಷಿ ಭೂಮಿಯಲ್ಲಿ ಅವರ ಪಾಲು ಮಾತ್ರ ತೀರ ಅಲ್ಪ. ಸಂತ ರವಿದಾಸರ ಪದಗಳು ಗುರು ಗ್ರಂಥ ಸಾಹಿಬ್‌ನಲ್ಲಿಯೇ ಇವೆ. ಅವರ ಅನುಯಾಯಿಗಳ ಒಂದು ದೊಡ್ಡ ಗುಂಪು, 2009ರಲ್ಲಿ ವಿಯೆನ್ನಾದ ತಮ್ಮ ಮಂದಿರದಲ್ಲಿ ನಡೆದ ಕೊಲೆಯ ಬಳಿಕ, 2010ರಲ್ಲಿ ತಮ್ಮದು ಬೇರೆಯೇ ಧರ್ಮವೆಂದು ಘೋಷಿಸಿಕೊಂಡಿತು. ಅಮೃತಸರದ ಲಂಗರ್‌ನಲ್ಲಿ ದಿನಕ್ಕೆ ಎಷ್ಟು ಲಕ್ಷ ರೊಟ್ಟಿ ಬೇಯುತ್ತದೆಂಬ ಲೆಕ್ಕಕ್ಕಿಂತ ಈ ನಿರ್ಗಮನದ ಲೆಕ್ಕ ಪಂಥದ ಹಿರಿಯರನ್ನು ಹೆಚ್ಚು ಕಾಡಬೇಕಿತ್ತು.

ಇದು ಭಾವನೆಯ ಪ್ರಶ್ನೆಯಾಗಿ ಕಾಣುತ್ತದೆ. ಬೇರಿಗೆ ಹೋದರೆ ಜಮೀನಿನ ಪ್ರಶ್ನೆ. ಪಂಜಾಬಿನ ಕಾನೂನಿನಂತೆ ಗ್ರಾಮ ಪಂಚಾಯತಿಯ ಸಾಮುದಾಯಿಕ ಸಾಗುವಳಿ ಭೂಮಿಯ ಮೂರನೆಯ ಒಂದು ಭಾಗವನ್ನು ದಲಿತರಿಗೇ ಗುತ್ತಿಗೆಗೆ ಕೊಡಬೇಕು. ವರ್ಷವರ್ಷ ಹರಾಜು ನಡೆಯುತ್ತದೆ. ಅನೇಕ ಕಡೆ ಹಣವಂತ ಜಮೀನುದಾರ ತನ್ನ ಕೂಲಿಯಾಳಿನ ಹೆಸರಿನಲ್ಲಿ ಕೂಗಿ ಭೂಮಿಯನ್ನು ತಾನೇ ಇಟ್ಟುಕೊಳ್ಳುತ್ತಾನೆ. ಸಂಗ್ರೂರ್ ಸುತ್ತಮುತ್ತ 2014ರಿಂದೀಚೆಗೆ ದಲಿತ ಕುಟುಂಬಗಳು ಒಟ್ಟಾಗಿ ಹಣ ಹಾಕಿ, ತಾವೇ ಹರಾಜು ಹಿಡಿದು, ಕೂಡಿ ಸಾಗುವಳಿ ಮಾಡಲು ಹೊರಟಾಗ ಬಹಿಷ್ಕಾರ, ಹೊಡೆದಾಟಗಳು ನಡೆದವು. ಹೊಲದ ಬದುವಿನಲ್ಲಿ ಹುಲ್ಲು ಕೊಯ್ಯಲೂ ಜಮೀನುದಾರನ ಅಪ್ಪಣೆಗೆ ಕಾಯಬೇಕಾದ ಹೆಂಗಸರಿಗೆ ಆ ತುಂಡು ನೆಲವೆಂದರೆ ಎಮ್ಮೆಯ ಮೇವು, ಮನೆಯ ಹಾಲು.

2025ರ ಆಗಸ್ಟ್–ಸೆಪ್ಟೆಂಬರಿನ ಪ್ರವಾಹದಲ್ಲಿ ಇದೇ ಹಳ್ಳಿಗರು ಟ್ರ್ಯಾಕ್ಟರ್‌ಗಳಲ್ಲಿ ಮೇವು, ಆಹಾರ ತುಂಬಿಕೊಂಡು ಜಿಲ್ಲೆಯಿಂದ ಜಿಲ್ಲೆಗೆ ಧಾವಿಸಿದರು. ಆ ಔದಾರ್ಯ ನೆರೆಯ ಕೇರಿಯ ಬಾಗಿಲಲ್ಲಿ ನಿಂತುಹೋಗಬೇಕಾಗಿಲ್ಲ. ಶಿರೋಮಣಿ ಸಮಿತಿ, ಅಕಾಲ್ ತಖ್ತ್ ಮನಸ್ಸು ಮಾಡಿದರೆ ಆರಂಭಿಸಬಹುದಾದ ಕೆಲಸಗಳಿವೆ. ಸಮಿತಿಯ ಆಡಳಿತದಲ್ಲಿರುವ ಯಾವ ಗುರುದ್ವಾರದ ಹಣವೂ ಜಾತಿಯ ಹೆಸರಿನ ಎರಡನೆಯ ಗುರುದ್ವಾರಕ್ಕೆ ಹೋಗದಂತೆ ನೋಡಿಕೊಳ್ಳಬಹುದು. ಲಾರಿಗಟ್ಟಲೆ ಇಟ್ಟಿಗೆ ಸಂಗ್ರಹಿಸುವ ಕಾರ್ ಸೇವಾ ತಂಡಗಳನ್ನು ಎರಡು ಸ್ಮಶಾನಗಳನ್ನು ಒಂದು ಮಾಡುವ ಕೆಲಸಕ್ಕೆ ಹಚ್ಚಬಹುದು. ಮೀಸಲು ಭೂಮಿಯನ್ನು ಬೇನಾಮಿಯಾಗಿ ಹಿಡಿದವನನ್ನು ತನಖಾಹಿಯಾ, ಅಂದರೆ ಪಂಥಕ್ಕೆ ತಪ್ಪಿತಸ್ಥ, ಎಂದು ಅಕಾಲ್ ತಖ್ತ್ ಸಾರಬಹುದು. ಮಾಜಿ ಉಪಮುಖ್ಯಮಂತ್ರಿಯನ್ನೇ ಕರೆಸಿದ ಪೀಠಕ್ಕೆ ಹಳ್ಳಿಯ ಜಮೀನುದಾರ ದೊಡ್ಡವನಲ್ಲ. ಮುಂದಿನ ಹರಾಜುಗಳು ಭತ್ತದ ನಾಟಿಗೆ ಮೊದಲು, ಬೇಸಿಗೆಯಲ್ಲಿ ನಡೆಯುತ್ತವೆ.